ಹಳೆಯ ಹಾರ್ಡ್ ಡಿಸ್ಕ್: ಕೆಲಸ ಕೊಡಿ, ಹೊಣೆ ಕೊಡಬೇಡಿ



ಎಲೆಕ್ಟ್ರಾನಿಕ್ ಸಾಮಾನು ಹುಟ್ಟುವ ಜಾಗ, ಕೊನೆಯಾಗುವ ಜಾಗ ಎರಡೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿವೆ. ಒಂದು ತುದಿಯಲ್ಲಿ, ದೇವನಹಳ್ಳಿ-ದೊಡ್ಡಬಳ್ಳಾಪುರದ ಸೀಮೆಯಲ್ಲಿ, ಫಾಕ್ಸ್‌ಕಾನ್ ಕಾರ್ಖಾನೆ ಹೊಸ ಐಫೋನುಗಳನ್ನು ಜೋಡಿಸುತ್ತಿದೆ. ಇನ್ನೊಂದು ತುದಿಯಲ್ಲಿ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ, 2005ರಲ್ಲಿ ಶುರುವಾದ ಇ-ಪರಿಸರ ಎಂಬ ಘಟಕವಿದೆ. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಲೋಹ, ಪ್ಲಾಸ್ಟಿಕ್, ಗಾಜು ಎಂದು ಬೇರ್ಪಡಿಸುವ ಕೆಲಸಕ್ಕೆ ಸರ್ಕಾರದ ಅನುಮತಿ ಪಡೆದು ದೇಶದಲ್ಲೇ ಮೊದಮೊದಲಿಗೆ ಇಳಿದ ಘಟಕ ಅದು. ಈ ಎರಡು ತುದಿಗಳ ನಡುವೆ ಇರುವುದು ನಮ್ಮ ಮನೆ, ಅಂಗಡಿ, ಫೋಟೋ ಸ್ಟುಡಿಯೋ, ಡಿಟಿಪಿ ಸೆಂಟರ್. ಹೊಸದಾಗಿ ಬಂದದ್ದು ಎಷ್ಟು ವರ್ಷ ದುಡಿಯಬೇಕು, ಯಾವಾಗ ದಾಬಸ್‌ಪೇಟೆಯ ದಾರಿ ಹಿಡಿಯಬೇಕು ಎಂದು ನಿರ್ಧರಿಸುವವರು ನಾವೇ. ಅಂಥ ನಿರ್ಧಾರಗಳಲ್ಲಿ ಒಂದನ್ನು ಇವತ್ತು ವಿಚಾರ ಮಾಡೋಣ: ಹೊಸ ಕಂಪ್ಯೂಟರ್ ಜೋಡಿಸಿದಾಗ ಹಳೆಯದರ ಹಾರ್ಡ್ ಡಿಸ್ಕನ್ನು ಏನು ಮಾಡಬೇಕು?

ಈ ಪ್ರಶ್ನೆ ಈಗ ಹೆಚ್ಚು ಮನೆಗಳಿಗೆ ಬಂದಿರುವುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಹಾಗಾಗಿ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಯಂತ್ರಗಳು ಇದ್ದಕ್ಕಿದ್ದಂತೆ ಹಳೆಯವಾದವು. ಹೊಸಕೋಟೆಯಿಂದಲೋ ನೆಲಮಂಗಲದಿಂದಲೋ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಬೋರ್ಡ್, ಪ್ರೊಸೆಸರ್, ರ್‍ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಬಿಡಿಬಿಡಿಯಾಗಿ ಕೊಂಡು ಜೋಡಿಸಿಕೊಳ್ಳುವವರಿಗೆ ಖರ್ಚು ಎಲ್ಲಿ ಉಳಿಯುತ್ತದೆ ಎಂಬುದೇ ಮೊದಲ ಲೆಕ್ಕ. "ಹಳೇ ಹಾರ್ಡ್ ಡಿಸ್ಕ್ ಚೆನ್ನಾಗಿದೆ, ಅದನ್ನೇ ಇದಕ್ಕೆ ಹಾಕಿಬಿಡಿ" ಎನ್ನುವುದು ಒಂದು ಪಕ್ಷ. "ಅಯ್ಯೋ, ಅದನ್ನ ಗುಜರಿಗೆ ಹಾಕಿ ಸ್ವಾಮಿ" ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ. ನನ್ನ ವಾದ ಇಷ್ಟು: ಹಳೆಯ ಡಿಸ್ಕಿಗೆ ಹೊಸ ಕಂಪ್ಯೂಟರಿನಲ್ಲಿ ಕೆಲಸ ಕೊಡಬೇಕು, ಹೊಣೆ ಕೊಡಬಾರದು. ಕಂಪ್ಯೂಟರ್ ಶುರುವಾಗುವುದು ಅದನ್ನು ನೆಚ್ಚಿಕೊಂಡಿರಬಾರದು. ಯಾವ ಫೈಲಿನದೇ ಆಗಲಿ, ಇರುವ ಒಂದೇ ಪ್ರತಿ ಅದರಲ್ಲಿರಬಾರದು. ಈ ಎರಡು ಕಟ್ಟುಪಾಡಿಗೆ ಒಳಪಟ್ಟರೆ ಅದು ಇನ್ನೂ ಕೆಲವು ವರ್ಷ ದುಡಿಯಬಲ್ಲದು.

ಮೊದಲು ಆ ಡಿಸ್ಕಿನ ಬೆಲೆ ಎಲ್ಲಿದೆ ಎಂದು ನೋಡಬೇಕು. ತಗಡು, ಅಯಸ್ಕಾಂತ, ಮೋಟಾರುಗಳ ಬೆಲೆ ಗುಜರಿಯಲ್ಲಿ ಅಲ್ಪ. ಬೆಲೆ ಇರುವುದು ಅದರಲ್ಲಿ ಬರೆದಿಟ್ಟಿರುವುದಕ್ಕೆ. ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಗಳ ಸುತ್ತಮುತ್ತಲ ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಟೈಪಾದ ಕ್ರಯಪತ್ರ, ವಿಭಾಗಪತ್ರ, ಕರಾರುಗಳ ಕರಡುಗಳಿರುತ್ತವೆ. ಸ್ಟುಡಿಯೋಗಳಲ್ಲಿ ಊರಿನ ಮದುವೆ, ನಾಮಕರಣ, ಜಾತ್ರೆಗಳ ಮೂಲ ಫೋಟೋಗಳಿರುತ್ತವೆ. ಆಲ್ಬಂ ಮನೆಗೆ ಹೋಗಿರುತ್ತದೆ, ಮೂಲ ಮಾತ್ರ ಸ್ಟುಡಿಯೋದ ಡಿಸ್ಕಿನಲ್ಲೇ ಉಳಿದಿರುತ್ತದೆ. ದೊಡ್ಡಬಳ್ಳಾಪುರದಲ್ಲಿ ಇನ್ನೊಂದು ಬಗೆಯ ಆಸ್ತಿಯೂ ಇದೆ. ಅದು ಸೀರೆಯ ಡಿಸೈನು. ಅಲ್ಲಿನ ವಿದ್ಯುತ್ ಮಗ್ಗಗಳಲ್ಲಿ ಸೆರಗು, ಅಂಚುಗಳ ಚಿತ್ತಾರ ಮೂಡುವುದು ಜಕಾರ್ಡ್ ಎಂಬ ಸಾಧನದಿಂದ. ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಸಾಲಾಗಿ ಹೊಲಿದು ಮಗ್ಗದ ಮೇಲೆ ಕಟ್ಟುವ ಕ್ರಮ ಹಳೆಯದು. ಈಗ ಡಿಸೈನನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಎಲೆಕ್ಟ್ರಾನಿಕ್ ಜಕಾರ್ಡ್ ಇರುವ ಕಡೆ ರಟ್ಟೇ ಬೇಕಿಲ್ಲ, ಫೈಲೇ ಮಗ್ಗಕ್ಕೆ ಹೋಗುತ್ತದೆ.

ಈ ಮಗ್ಗಕ್ಕೂ ನಮ್ಮ ವಿಷಯಕ್ಕೂ ನಂಟು ಆಕಸ್ಮಿಕವಾದುದಲ್ಲ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ತನ್ನ ಮಗ್ಗವನ್ನು ರೂಪಿಸಿದ್ದು 1804ರ ಸುಮಾರಿಗೆ. ತೂತಿದ್ದರೆ ದಾರ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಮಾಹಿತಿಯನ್ನು ಯಂತ್ರ ಓದುವಂತೆ ಬರೆದಿಡುವ ಉಪಾಯ ಅದು. ಅದೇ ಬಗೆಯ ತೂತಿನ ಕಾರ್ಡುಗಳಿಂದ ಹರ್ಮನ್ ಹಾಲರಿತ್ 1890ರಲ್ಲಿ ಅಮೆರಿಕದ ಜನಗಣತಿಯ ಲೆಕ್ಕ ಮಾಡಿದ. ಅವನ ಕಂಪನಿ 1911ರಲ್ಲಿ ಬೇರೆ ಕಂಪನಿಗಳ ಜೊತೆ ಸೇರಿಕೊಂಡು, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಆ ಐಬಿಎಂ 1956ರಲ್ಲಿ ರಾಮಾಕ್ ಎಂಬ ಯಂತ್ರದ ಜೊತೆ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು: 24 ಅಂಗುಲ ಅಗಲದ 50 ತಟ್ಟೆಗಳು, ಅವುಗಳಲ್ಲಿ 50 ಲಕ್ಷ ಅಕ್ಷರಗಳು. ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದು ಒಳ್ಳೆಯ ಫೋಟೋಕ್ಕೆ ಸರಿಸುಮಾರು ಅಷ್ಟೇ ಜಾಗ ಬೇಕು. ರಟ್ಟಿನಿಂದ ತಟ್ಟೆಗೆ ಬಂದಾಗ ಜಾಗ ಹೆಚ್ಚಿತು, ಆದರೆ ಒಂದು ಗುಣ ಕಳೆದುಹೋಯಿತು. ರಟ್ಟು ಹರಿದರೆ ನೇಕಾರನ ಕಣ್ಣಿಗೆ ಕಾಣುತ್ತದೆ. ಆ ಒಂದು ಕಾರ್ಡನ್ನು ಮತ್ತೆ ಹೊಡೆದು ಹಾಕಿದರೆ ಮಗ್ಗ ಮುಂದುವರಿಯುತ್ತದೆ. ಡಿಸ್ಕು ಸವೆಯುವುದು ಯಾರ ಕಣ್ಣಿಗೂ ಕಾಣುವುದಿಲ್ಲ, ಕೆಟ್ಟರೆ ಒಂದು ಕಾರ್ಡಿನಷ್ಟೇ ಕೆಡುತ್ತದೆಂಬ ಭರವಸೆಯೂ ಇಲ್ಲ.

ಯಾಕೆ ಹೀಗೆ? ಹಾರ್ಡ್ ಡಿಸ್ಕ್ ಕಂಪ್ಯೂಟರಿನೊಳಗಿನ ಚಲಿಸುವ ಯಂತ್ರ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಓದುವ ಹೆಡ್ಡು ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಗಾಳಿಯ ತೆಳು ಪದರದ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪ ಅದರ ಸಾವಿರಾರು ಪಾಲು ಹೆಚ್ಚು. ಬೇರಿಂಗು ಸವೆದರೆ, ಹೆಡ್ಡು ತಾಗಿದರೆ, ತಟ್ಟೆಯ ಲೇಪನ ಕಿತ್ತರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ. ವೇಗದ ಮಿತಿಯೂ ಈ ಚಲನೆಯಿಂದಲೇ ಬಂದದ್ದು. ಹೆಡ್ಡು ಬೇಕಾದ ಜಾಗಕ್ಕೆ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್, ಬೇಕಾದ ಭಾಗ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು, ಅಂದರೆ ಇನ್ನೂ ನಾಲ್ಕು ಮಿಲಿಸೆಕೆಂಡ್. ಹೀಗೆ ಬಿಡಿಬಿಡಿ ಜಾಗಗಳಿಂದ ಓದುವುದಾದರೆ ಸೆಕೆಂಡಿಗೆ ಎಂಬತ್ತರ ಆಸುಪಾಸು ಸಲ ಮಾತ್ರ ಓದಬಲ್ಲದು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಓದುತ್ತದೆ. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ಸಣ್ಣ ಓದುಗಳೇ. ಹೊಸ ಪ್ರೊಸೆಸರಿಗೆ ಹಣ ಸುರಿದು, ಹಳೆಯ ಡಿಸ್ಕಿನಿಂದ ಬೂಟ್ ಮಾಡಿಸಿದರೆ ಆ ಪ್ರೊಸೆಸರು ತನ್ನ ಹೊತ್ತನ್ನೆಲ್ಲ ಕಾಯುವುದರಲ್ಲೇ ಕಳೆಯುತ್ತದೆ. ಆದರೆ ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗ ಇದೇ ಡಿಸ್ಕು ಸೆಕೆಂಡಿಗೆ ನೂರು ಮೆಗಾಬೈಟಿನಷ್ಟನ್ನು ಕೊಡುತ್ತದೆ. ಮದುವೆ ವಿಡಿಯೋ ಇಟ್ಟುಕೊಳ್ಳುವುದಕ್ಕೆ ಅಷ್ಟು ಧಾರಾಳ. ಬೂಟ್ ಮಾಡಲು ಸಣ್ಣದಾದರೂ ಹೊಸ ಎಸ್‌ಎಸ್‌ಡಿ, ದೊಡ್ಡ ಫೈಲುಗಳಿಗೆ ಹಳೆಯ ಡಿಸ್ಕು ಎಂಬ ಹಂಚಿಕೆ ಇಲ್ಲಿಂದಲೇ ಹುಟ್ಟುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: "ಹತ್ತು ವರ್ಷದಿಂದ ಒಂದು ದಿನವೂ ತೊಂದರೆ ಕೊಟ್ಟಿಲ್ಲ, ಈಗೇಕೆ ಅನುಮಾನ?" ಇದಕ್ಕೆ ಅನುಭವಕ್ಕಿಂತ ದೊಡ್ಡ ಲೆಕ್ಕದಿಂದ ಉತ್ತರ ಹುಡುಕುವುದು ಲೇಸು. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮಲ್ಲಿ ಬಳಕೆಯಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ಮೊದಲ ವರ್ಷದ ಡಿಸ್ಕುಗಳಲ್ಲಿ ವರ್ಷಕ್ಕೆ ಶೇ 1.7ರಷ್ಟು ಕೆಟ್ಟಿದ್ದರೆ, ಮೂರು ವರ್ಷದವುಗಳಲ್ಲಿ ಅದು ಶೇ 8ನ್ನು ದಾಟಿತ್ತು. ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರೂ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ನೋಡಿದರು. ತಯಾರಕರ ಕಾಗದದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇ 0.88ರಷ್ಟು ಕೆಡಬೇಕಿತ್ತು. ನಿಜದಲ್ಲಿ ಶೇ 2ರಿಂದ 4 ಸಾಮಾನ್ಯವಾಗಿತ್ತು, ಕೆಲವು ಕಡೆ 13ರವರೆಗೂ ಹೋಗಿತ್ತು. ಸವೆತ ಬೇಗನೆ ಶುರುವಾಗಿ ವರ್ಷದಿಂದ ವರ್ಷಕ್ಕೆ ಏರುತ್ತದೆಂದೂ ಅವರು ಕಂಡುಕೊಂಡರು. ಡೇಟಾ ಸೆಂಟರಿನಲ್ಲಿ ಹಗಲಿರುಳು ಓಡುವ ಡಿಸ್ಕಿನ ಲೆಕ್ಕ ಮನೆಯ ಡಿಸ್ಕಿಗೆ ಹಾಗೇ ಹೊಂದುವುದಿಲ್ಲ, ನಿಜ. ಆದರೆ ಅಲ್ಲಿ ಕರೆಂಟು ಕೈಕೊಡುವುದಿಲ್ಲ, ವೋಲ್ಟೇಜ್ ಏರುಪೇರಾಗುವುದಿಲ್ಲ, ಧೂಳಿಲ್ಲ; ಹಳ್ಳಿಯ ಅಂಗಡಿಯಲ್ಲಿ ಇವೆಲ್ಲ ಉಂಟು. ಹತ್ತು ವರ್ಷ ಕೆಟ್ಟಿಲ್ಲ ಎಂಬುದು ಕಳೆದ ಹತ್ತು ವರ್ಷದ ಸಾಕ್ಷಿ, ಬರುವ ವರ್ಷದ ಜಾಮೀನಲ್ಲ.

"ಹಾಗಾದರೆ ಪರೀಕ್ಷೆ ಮಾಡಿ ನೋಡಿದರಾಯಿತಲ್ಲ" ಎಂಬುದು ಎರಡನೆಯ ಆಕ್ಷೇಪ. ಪರೀಕ್ಷೆ ಮಾಡಲೇಬೇಕು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ನೋಡಬೇಕಾದ ಸಾಲುಗಳು ಮುಖ್ಯವಾಗಿ ಮೂರು: ಕೆಟ್ಟ ಜಾಗದಿಂದ ಬೇರೆಡೆಗೆ ಬದಲಿಸಿದ ಸೆಕ್ಟರುಗಳ ಎಣಿಕೆಯಾದ 5ನೆಯದು, ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ 197ನೆಯದು, ಸರಿಪಡಿಸಲಾಗದವುಗಳ 198ನೆಯದು. ಇವು ಸೊನ್ನೆ ಇದ್ದರೆ ಒಳ್ಳೆಯದು. 9ನೆಯ ಸಾಲು ಡಿಸ್ಕು ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಹೇಳುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ ಮುನ್ನೂರು ದಿನ ತೆರೆದ ಅಂಗಡಿಯಲ್ಲಿ ಹತ್ತು ವರ್ಷಕ್ಕೆ ಅದು 24,000 ಆಗಿರುತ್ತದೆ. ಈ ದಾಖಲೆ ಕೆಟ್ಟ ಸುದ್ದಿ ಹೇಳಿದಾಗ ನಂಬಲೇಬೇಕು. ಗೂಗಲ್ ಅಧ್ಯಯನದಲ್ಲಿ ಪರಿಶೀಲನೆಯ ವೇಳೆ ಮೊದಲ ದೋಷ ತೋರಿದ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚಿತ್ತು. ಒಳ್ಳೆಯ ಸುದ್ದಿಯನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಅದೇ ಅಧ್ಯಯನದಲ್ಲಿ ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚಕಗಳಲ್ಲಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಫೇಲಾದ ಡಿಸ್ಕನ್ನು ಕೈಬಿಡಬೇಕು, ಪಾಸಾದದ್ದಕ್ಕೆ ಕೆಲಸ ಕೊಡಬೇಕು. ಪಾಸಾಯಿತೆಂದು ಹೊಣೆ ಕೊಡಲು ಮಾತ್ರ ಈ ಸಾಕ್ಷಿ ಸಾಲದು.

ಇನ್ನು ಮಾಡುವ ಕ್ರಮ. ಇಲ್ಲಿ ಯಾವುದು ಮೊದಲು ಎಂಬುದೇ ಮುಖ್ಯ. ಮೊದಲ ಕೆಲಸ ನಕಲು, ಎರಡನೆಯದು ಪರೀಕ್ಷೆ. ಇಡೀ ತಟ್ಟೆಯನ್ನು ಓದಿಸಿ ನೋಡುವ ಪರೀಕ್ಷೆ ಒಂದು ಟೆರಾಬೈಟಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಸೊರಗಿದ ಡಿಸ್ಕು ಆ ದುಡಿಮೆಯಲ್ಲೇ ಕೊನೆಯುಸಿರು ಬಿಡಬಹುದು. ಉಳಿದಿರುವ ಓಟವನ್ನು ಫೈಲು ತೆಗೆಯುವುದಕ್ಕೆ ಮೊದಲು ಬಳಸಬೇಕು. ಟಕಟಕ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡದೆ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರಲ್ಲಿ ಕೇಳಬೇಕು. ಮುಚ್ಚಳ ಬಿಚ್ಚುವುದು, ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಮುಂತಾದ ನಾಟಿ ಚಿಕಿತ್ಸೆಗಳು ಬೇಡ. ಇನ್ನು ಜೋಡಣೆ. 2003ರ ನಂತರ ಬಳಕೆಗೆ ಬಂದ ಸಾಟಾ ಕೇಬಲ್ಲಿನ ಡಿಸ್ಕಾದರೆ ಇಂದಿನ ಬೋರ್ಡಿಗೂ ಕೂರುತ್ತದೆ; ಹಳೆಯ ವೇಗದ ಸಾಟಾ ಹೊಸದರೊಂದಿಗೆ ಹೊಂದಿಕೊಳ್ಳುತ್ತದೆ. ಅಗಲ ಪಟ್ಟಿಯ 40 ಪಿನ್ನಿನ ಐಡಿಇ ಡಿಸ್ಕಿಗೆ ಹೊಸ ಬೋರ್ಡಿನಲ್ಲಿ ಜಾಗವಿಲ್ಲ, ಯುಎಸ್‌ಬಿ ಕನ್ವರ್ಟರ್ ಹಾಕಿ ಫೈಲು ತೆಗೆದುಕೊಂಡು ಅದನ್ನು ಬೀಳ್ಕೊಡುವುದೇ ಸರಿ. ಕೆಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ಡಿಸ್ಕು ಕಾಣದಿದ್ದರೆ ಅದು ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಬೇರೆ ಪೋರ್ಟಿಗೆ ಹಾಕಿ ನೋಡಬೇಕು.

ಹೊಣೆ ಕೊಡಬಾರದು ಎಂಬ ಮಾತಿನ ತೂಕ ಗೊತ್ತಾಗುವುದು ವಿಂಡೋಸ್ ಹಾಕುವಾಗ. ಹಳೆಯ ಡಿಸ್ಕನ್ನೂ ಜೋಡಿಸಿಟ್ಟುಕೊಂಡು ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದರೆ, ಹಳೆಯ ಡಿಸ್ಕಿನಲ್ಲಿ ಮೊದಲೇ ಇರುವ ಬೂಟ್ ಭಾಗವನ್ನು ಕಂಡು ಇನ್‌ಸ್ಟಾಲರ್ ತನ್ನ ಬೂಟ್ ಫೈಲುಗಳನ್ನು ಅಲ್ಲಿಗೇ ಬರೆಯುವುದುಂಟು. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎರಡು ವರ್ಷದ ಮೇಲೆ ಹಳೆಯ ಡಿಸ್ಕು ಕೆಟ್ಟ ದಿನ, ಹೊಚ್ಚಹೊಸ ಎಸ್‌ಎಸ್‌ಡಿ ಒಳಗೆ ಚೆನ್ನಾಗಿಯೇ ಇದ್ದರೂ ಕಂಪ್ಯೂಟರ್ ಮೇಲೇಳುವುದಿಲ್ಲ. ನಮಗೆ ತಿಳಿಯದೆಯೇ ಹೊಣೆ ಮುದುಕನ ಹೆಗಲಿಗೆ ದಾಟಿರುತ್ತದೆ. ಉಪಾಯ ಸುಲಭ: ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟು ವಿಂಡೋಸ್ ಹಾಕಬೇಕು, ಒಂದೆರಡು ಸಲ ಆನ್ ಆಫ್ ಮಾಡಿ ನೋಡಬೇಕು, ಆಮೇಲೆ ಹಳೆಯದನ್ನು ಜೋಡಿಸಬೇಕು. ಹಳೆಯ ಡಿಸ್ಕಿನಲ್ಲಿರುವ ಹಳೆಯ ವಿಂಡೋಸನ್ನೇ ಹೊಸ ಬೋರ್ಡಿನ ಮೇಲೆ ಓಡಿಸುವ ಆಸೆಯೂ ಬೇಡ. ಡ್ರೈವರುಗಳು ಹಳೆಯ ಬೋರ್ಡಿನವು, ಬ್ರಾಂಡೆಡ್ ಯಂತ್ರದ ಜೊತೆ ಬಂದ ಲೈಸೆನ್ಸು ಆ ಬೋರ್ಡಿಗೇ ಅಂಟಿದ್ದು. ಹಳೆಯದರಲ್ಲಿದ್ದ ವೈರಸ್ಸು ಮಾತ್ರ ಯಾವ ತಕರಾರೂ ಇಲ್ಲದೆ ಹೊಸದಕ್ಕೆ ಬಂದು ಸೇರುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ, ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು. ಹೊಸ ಬೋರ್ಡು ಆ ಬೀಗವನ್ನು ತಾನಾಗಿ ತೆಗೆಯಲಾರದು.

ಅಷ್ಟೊಂದು ನಂಬಿಕೆಯಿಲ್ಲದ ಡಿಸ್ಕಿಗೆ ಕೆಲಸವನ್ನಾದರೂ ಏಕೆ ಕೊಡಬೇಕು ಎಂದು ಈಗ ಕೇಳಬಹುದು. ಉತ್ತರ ಸಂಭಾವ್ಯತೆಯ ಲೆಕ್ಕದಲ್ಲಿದೆ. ವರ್ಷದಲ್ಲಿ ನೂರಕ್ಕೆ ಎಂಟು ಕೆಡುವಂಥ ಡಿಸ್ಕು ಒಂದೇ ಪ್ರತಿಯಾಗಿದ್ದರೆ ನಷ್ಟದ ಸಂಭವವೂ ನೂರಕ್ಕೆ ಎಂಟು. ಅಂಥವೇ ಎರಡು ಡಿಸ್ಕುಗಳಲ್ಲಿ ಒಂದೊಂದು ಪ್ರತಿಯಿದ್ದು, ಒಂದರ ಕೆಡುಕಿಗೂ ಇನ್ನೊಂದರ ಕೆಡುಕಿಗೂ ಸಂಬಂಧವಿಲ್ಲದಿದ್ದರೆ, ಅದೇ ವರ್ಷ ಎರಡೂ ಕೆಡುವ ಸಂಭವ ಸಾವಿರಕ್ಕೆ ಆರೇಳು. ಒಂದು ಕೆಟ್ಟ ಕೂಡಲೇ ಇನ್ನೊಂದರಿಂದ ಹೊಸ ಪ್ರತಿ ಮಾಡಿಕೊಂಡರೆ ಅದಕ್ಕಿಂತಲೂ ಕಡಿಮೆ. ಒಬ್ಬಂಟಿಯಾಗಿ ನಂಬಲಾಗದ ಡಿಸ್ಕು ಜೊತೆಗಾರನಾಗಿ ಬಹಳ ಬೆಲೆಯುಳ್ಳದ್ದು ಎಂದಾಯಿತು. ಎಸ್‌ಎಸ್‌ಡಿಯೂ ಅಮರವಲ್ಲ, ಅದು ಯಾವ ಸದ್ದೂ ಸುಳಿವೂ ಇಲ್ಲದೆ ಒಮ್ಮೆಲೇ ಕಾಣದಂತಾಗುವುದುಂಟು. ಎಸ್‌ಎಸ್‌ಡಿಯಲ್ಲಿ ನಡೆಯುವ ದಿನದ ಕೆಲಸ ರಾತ್ರಿ ಹಳೆಯ ಡಿಸ್ಕಿಗೆ ತಾನಾಗಿ ನಕಲಾಗುವಂತೆ ಮಾಡಿಟ್ಟರೆ, ಹಳೆಯದು ಹೊಸದರ ಬೆನ್ನಿಗೆ ನಿಂತಂತಾಗುತ್ತದೆ. ಸ್ಟುಡಿಯೋಗೆ ಎಡಿಟಿಂಗಿನ ತಾತ್ಕಾಲಿಕ ಫೈಲುಗಳು, ಡಿಟಿಪಿಗೆ ಫಾಂಟು ಮತ್ತು ತಂತ್ರಾಂಶಗಳ ಇನ್‌ಸ್ಟಾಲರುಗಳು, ಮನೆಗೆ ಹಾಡು, ಸಿನಿಮಾ: ಕಳೆದರೆ ಮತ್ತೆ ತರಬಹುದಾದ ಎಲ್ಲಕ್ಕೂ ಅದು ತಕ್ಕ ಜಾಗ.

ಆದರೆ ಈ ಲೆಕ್ಕದಲ್ಲಿ "ಸಂಬಂಧವಿಲ್ಲದಿದ್ದರೆ" ಎಂಬ ಮಾತನ್ನು ಮರೆಯಬಾರದು. ಒಂದೇ ಕ್ಯಾಬಿನೆಟ್ಟಿನೊಳಗಿನ ಎರಡು ಡಿಸ್ಕುಗಳಿಗೆ ಒಂದೇ ಎಸ್‌ಎಂಪಿಎಸ್‌ನಿಂದ ಕರೆಂಟು. ಮುಂಗಾರುಪೂರ್ವದ ಸಿಡಿಲಿಗೆ ಲೈನಿನಲ್ಲಿ ವೋಲ್ಟೇಜ್ ಚಿಮ್ಮಿದರೆ ಎರಡೂ ಒಟ್ಟಿಗೆ ಹೋಗಬಹುದು. ಕಳ್ಳ ಕ್ಯಾಬಿನೆಟ್ಟನ್ನೇ ಹೊತ್ತೊಯ್ದರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು ನುಗ್ಗಿದರೆ, ಅಲ್ಲೂ ಎರಡಕ್ಕೂ ಒಂದೇ ಗತಿ. ಆದ್ದರಿಂದ ಒಳಗಿನ ಹಳೆಯ ಡಿಸ್ಕು ಎಸ್‌ಎಸ್‌ಡಿ ಕೆಟ್ಟಾಗಿನ ಆಸರೆ ಮಾತ್ರ. ಕಳೆದುಕೊಳ್ಳಲೇಬಾರದ ಫೈಲುಗಳ ಮೂರನೆಯ ಪ್ರತಿಯೊಂದು ಕ್ಯಾಬಿನೆಟ್ಟಿನ ಹೊರಗೆ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇರಬೇಕು. ಕರೆಂಟು ಹೋದಾಗ ಇಂದಿನ ಡಿಸ್ಕುಗಳು ಹೆಡ್ಡನ್ನು ತಾವಾಗಿ ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತವೆ, ಆದರೆ ಅರ್ಧ ಬರೆದಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಹತ್ತು ನಿಮಿಷ ತಡೆಯುವ ಸಣ್ಣ ಯುಪಿಎಸ್ ಇದ್ದರೆ ಆ ಕಾಟವೂ ತಪ್ಪುತ್ತದೆ. ವಿದ್ಯುತ್ ಖರ್ಚಿನ ಅಂಜಿಕೆ ಬೇಕಿಲ್ಲ. ಏಳು ವ್ಯಾಟಿನ ಡಿಸ್ಕು ದಿನಕ್ಕೆ ಎಂಟು ಗಂಟೆಯಂತೆ ವರ್ಷವಿಡೀ ಓಡಿದರೂ ಇಪ್ಪತ್ತು ಯೂನಿಟ್ಟಿನಷ್ಟಾಗುತ್ತದೆ, ಅಷ್ಟೆ.

"ಇದೆಲ್ಲ ಗೋಜೇ ಬೇಡ, ಕ್ಲೌಡಿಗೆ ಹಾಕಿದರಾಯಿತು" ಎನ್ನುವವರಿದ್ದಾರೆ. ಕ್ಲೌಡ್ ಒಳ್ಳೆಯದೇ, ನಾನು ಹೇಳಿದ ಬೇರೆ ಕಟ್ಟಡ ಎಂಬ ಷರತ್ತನ್ನು ಅದು ಚೆನ್ನಾಗಿ ಪೂರೈಸುತ್ತದೆ. ಆದರೆ ಗಾತ್ರ ನೋಡಬೇಕು. ಗೂಗಲ್ ಉಚಿತವಾಗಿ ಕೊಡುವುದು 15 ಗಿಗಾಬೈಟ್. ಸ್ಟುಡಿಯೋದ 500 ಗಿಗಾಬೈಟ್ ಡಿಸ್ಕನ್ನು ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಏರಿಸಲು, ಲೈನು ಒಮ್ಮೆಯೂ ಕಡಿಯದಿದ್ದರೆ, ಐವತ್ತೈದು ಗಂಟೆ ಬೇಕು. ಆಮೇಲೆ ಅದನ್ನು ಇಟ್ಟುಕೊಂಡಿರಲು ತಿಂಗಳು ತಿಂಗಳು ಹಣ ಕಟ್ಟಬೇಕು. ಮನೆಯ ಮುಖ್ಯ ಕಾಗದಪತ್ರ, ಆಯ್ದ ಫೋಟೋ, ಸೀರೆಯ ಡಿಸೈನ್ ಫೈಲುಗಳಿಗೆ ಕ್ಲೌಡ್ ಸರಿ. ವರ್ಷಗಳ ವಿಡಿಯೋ ರಾಶಿಗೆ ಕೈಯಲ್ಲಿರುವ ಡಿಸ್ಕೇ ಸರಿ. ಒಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ.

ನಕಲು ಮಾಡಿದ ಮೇಲೂ ಕನ್ನಡದ ಫೈಲುಗಳಿಗೆ ಇನ್ನೊಂದು ಆರೈಕೆ ಬೇಕು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶಗಳಲ್ಲಿ ಟೈಪಾದ ಬಹುಪಾಲು ಹಳೆಯ ದಾಖಲೆಗಳು ಯುನಿಕೋಡಿನಲ್ಲಿಲ್ಲ, ಆಯಾ ಫಾಂಟಿಗೆ ಕಟ್ಟುಬಿದ್ದ ಸಂಕೇತಗಳಲ್ಲಿವೆ. ಆ ಫಾಂಟಿಲ್ಲದ ಹೊಸ ಕಂಪ್ಯೂಟರಿನಲ್ಲಿ ಅವನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಫೈಲು ಕೆಟ್ಟಿದೆ ಎಂದುಕೊಂಡು ಅಳಿಸಿಬಿಡುವ ಅಪಾಯವಿರುವುದು ಇಲ್ಲೇ. ಹಳೆಯ ಡಿಸ್ಕಿನಿಂದ ಫೈಲುಗಳ ಜೊತೆ ಫಾಂಟುಗಳನ್ನೂ ತೆಗೆದಿಟ್ಟುಕೊಳ್ಳಬೇಕು, ಪರಿವರ್ತಕ ಬಳಸಿ ಮುಖ್ಯವಾದವನ್ನು ಯುನಿಕೋಡಿಗೆ ತರಬೇಕು, ತಂದ ಮೇಲೂ ಮೂಲವನ್ನು ಇಟ್ಟುಕೊಂಡಿರಬೇಕು. ಒತ್ತಕ್ಷರ, ಅರ್ಕಾವತ್ತುಗಳು ಪರಿವರ್ತನೆಯಲ್ಲಿ ಪಲ್ಲಟವಾಗುವುದುಂಟು. ಸರ್ವೆ ನಂಬರು, ಚಕ್ಕುಬಂದಿ ಇರುವ ಪತ್ರಗಳನ್ನಂತೂ ಕಣ್ಣಾರೆ ಹೋಲಿಸಿ ನೋಡಲೇಬೇಕು.

ಕೊನೆಯ ಆಕ್ಷೇಪ ಪರಿಸರದ ಕಡೆಯಿಂದ ಬರುತ್ತದೆ: ಮರುಬಳಕೆ ಘಟಕ ನಮ್ಮ ಜಿಲ್ಲೆಯಲ್ಲೇ ಇರುವಾಗ ಹಳೆಯದನ್ನು ಅಲ್ಲಿಗೆ ಕೊಟ್ಟರೆ ಸಾಲದೆ? ಕೊಡಬೇಕಾದ ಕಾಲಕ್ಕೆ ಕೊಡಲೇಬೇಕು. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಹೋದರೂ ಬಿಚ್ಚಿದ ಡಿಸ್ಕಿನಿಂದ ಸಿಗುವುದು ಮುಖ್ಯವಾಗಿ ಅಲ್ಯೂಮಿನಿಯಂ, ತಾಮ್ರ. ಅದರ ಅಯಸ್ಕಾಂತದ ನಿಯೋಡಿಮಿಯಂ ಹೊರತೆಗೆಯುವುದು ಕಷ್ಟ. ತಯಾರಿಸುವಾಗ ಸುರಿದ ನಿಖರವಾದ ದುಡಿಮೆ ಪೂರ್ತಿ ನಷ್ಟ. ಓಡುವ ಡಿಸ್ಕನ್ನು ಇನ್ನು ಕೆಲವು ವರ್ಷ ಓಡಿಸಿದರೆ ಅದೆಲ್ಲವೂ ಉಳಿಯುತ್ತದೆ. ಓಡದ ಡಿಸ್ಕನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿರುವುದೂ ತಪ್ಪು, ತೂಕಕ್ಕೆ ಗುಜರಿಗೆ ಹಾಕುವುದೂ ತಪ್ಪು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅದು ನೋಂದಾಯಿತ ಘಟಕಕ್ಕೇ ಸೇರಬೇಕು.

ಕೈಬಿಡುವ ಮುನ್ನ ಅಳಿಸುವುದು ಮಾತ್ರ ನಮ್ಮ ಕೆಲಸ. ಅದನ್ನು ಬೇರೆಯವರಿಗೆ ಬಿಡಬಾರದು. ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು ಬಳಸಿ ಮಾರಿದ 158 ಡಿಸ್ಕುಗಳನ್ನು ಕೊಂಡು ನೋಡಿ 2003ರಲ್ಲಿ ವರದಿ ಮಾಡಿದರು: ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರುಗಳಿದ್ದವು. ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಹೋಗುವುದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳು ಹಾಗೇ ಉಳಿದಿರುತ್ತವೆ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಇಂದಿನ ವಿಂಡೋಸ್ ಇಡೀ ಜಾಗಕ್ಕೆ ಸೊನ್ನೆ ಬರೆಯುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ಅಷ್ಟು ಸಾಕು. ಓಡದ ಡಿಸ್ಕಾದರೆ ತಟ್ಟೆಗಳಿಗೆ ಡ್ರಿಲ್ಲಿನಿಂದ ತೂತು ಕೊರೆದು ಕೊಡಬೇಕು. ಊರವರ ಆಧಾರ್, ಪ್ಯಾನ್, ಕ್ರಯಪತ್ರದ ಸ್ಕ್ಯಾನುಗಳನ್ನು ಇಟ್ಟುಕೊಂಡಿರುವ ಸೆಂಟರುಗಳಿಗೆ ಇದು ಸೌಜನ್ಯದ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಸಂಗ್ರಹಿಸಿದ ಉದ್ದೇಶ ಮುಗಿದ ಮೇಲೆ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ.

ಒಟ್ಟಿನಲ್ಲಿ, ಹಳೆಯ ಡಿಸ್ಕನ್ನು ಕಣ್ಣುಮುಚ್ಚಿ ಹಾಕಿಕೊಳ್ಳುವುದೂ ಬೇಡ, ಕಣ್ಣುಮುಚ್ಚಿ ಎಸೆಯುವುದೂ ಬೇಡ. ಮೊದಲು ನಕಲು, ಆಮೇಲೆ ಪರೀಕ್ಷೆ; ಪಾಸಾದರೆ ಎಸ್‌ಎಸ್‌ಡಿಯ ಪಕ್ಕದಲ್ಲಿ ಎರಡನೆಯ ಪ್ರತಿಯ ಕೆಲಸ, ಫೇಲಾದರೆ ಅಳಿಸಿ ನೋಂದಾಯಿತ ಘಟಕಕ್ಕೆ. ಹೊಸ ಕಂಪ್ಯೂಟರ್ ಜೋಡಿಸುವ ಯೋಚನೆ ಸದ್ಯಕ್ಕೆ ಇಲ್ಲದವರಿಗೂ ಒಂದು ಮಾತು: ನಿಮ್ಮ ಫೋಟೋ, ಪತ್ರ, ಲೆಕ್ಕ, ಡಿಸೈನುಗಳು ಈಗ ಒಂದೇ ಡಿಸ್ಕಿನಲ್ಲಿದ್ದರೆ, ಈ ವಾರವೇ ಇನ್ನೊಂದಕ್ಕೆ ನಕಲು ಮಾಡಿ, ನಕಲು ಮಾಡಿದ್ದನ್ನು ತೆರೆದು ನೋಡಿ.